ಹದಿನಾರು, ಹದಿನೆಂಟು

ಅಜ್ಮಾನಿನ ಕೈಗಾರಿಕಾ ಪ್ರದೇಶ, ಮೂರನೇ ಶೆಡ್ಡು.
ಹೊರಗೆ ಆಗಸ್ಟು, ತಗಡು ಮುಟ್ಟಿದರೆ ಬೊಬ್ಬೆ.
ಒಳಗೆ ನಾನು ಚೀಲದ ಬಾಯಿ ಬಿಚ್ಚುತ್ತೇನೆ:
ಬಿಳಿ ಚೂರು, ಮೇಣದ ಹಾಗೆ,
ಮೂಸಿದರೆ ಏನೂ ಇಲ್ಲ.
ಮೇಲೆ ಬರೆದಿದೆ, ಸೀಟೈಲ್ ಆಲ್ಕೋಹಾಲ್.

ನಮ್ಮ ಕಡೆ ಎಣ್ಣೆ ಅಂದರೆ ಎರಡರ್ಥ.
ತಲೆಗೆ ಹಚ್ಚುವುದೊಂದು, ತಲೆಗೆ ಏರುವುದೊಂದು.
ಇದು ಎರಡೂ ಅಲ್ಲದ ಮೂರನೆಯದು,
ಹೆಸರಿನಲ್ಲಿ ಕುಡುಕ, ನಡತೆಯಲ್ಲಿ ಮೇಣ.
ಒಂದು ಕಾಲಕ್ಕೆ ತಿಮಿಂಗಿಲದ ತಲೆಯಿಂದ ತೆಗೆಯುತ್ತಿದ್ದರಂತೆ,
ಈಗ ತಾಳೆಕಾಯಿಯಿಂದ.

ಎಣ್ಣೆಯ ಕೊಪ್ಪರಿಗೆ ಎಪ್ಪತ್ತೈದಕ್ಕೆ,
ನೀರಿನದೂ ಎಪ್ಪತ್ತೈದಕ್ಕೆ.
ಬಿಸಿ ಸಮ ಇರದಿದ್ದರೆ ಮಾತುಕತೆಯೇ ಇಲ್ಲ.
ಗುಲ್ ಜಮಾನ್ ಗುಂಡಿ ಒತ್ತುತ್ತಾನೆ, ಅಲಗು ಕಿರುಚುತ್ತದೆ,
ನೋಡನೋಡುತ್ತ ಹಾಲಿನ ಬಣ್ಣ.
ನಮ್ಮ ಬಿಳಿ ಚೂರು ಅದರಲ್ಲಿ ನೂರಕ್ಕೆ ನಾಲ್ಕು ಪಾಲು, ಅಷ್ಟೇ.
ತಲೆಗೆ ನೀರಿನ ಆಸೆ, ಉದ್ದ ಬಾಲಕ್ಕೆ ಎಣ್ಣೆಯದು.
ತಾನೊಂದೇ ಹಿಡಿದಿಡಲಾರದು.
ಇನ್ನೊಂದರ ಪಕ್ಕ ಸಾಲಾಗಿ ನಿಂತು,
ಪದರದ ಮೇಲೆ ಪದರ ಹಾಸಿ,
ನೀರನ್ನು ನಡುವೆ ಕೂರಿಸಿಕೊಳ್ಳುತ್ತದೆ.
ಆರುವಾಗ ಅವಸರ ಮಾಡಬಾರದು.
ಮೈ ತುಂಬಿಕೊಳ್ಳುವುದು ಮಾರನೆಯ ದಿನ.

ಕಳೆದ ಬೇಸಿಗೆ ಖರ್ಚು ಉಳಿಸಲು
ಮ್ಯಾನೇಜರ್ ನಾಲ್ಕನ್ನು ಒಂದೂವರೆ ಮಾಡಿದ.
ಸಲಾಲಾದ ಲಾರಿ ಗಡಿಯಲ್ಲಿ ಎರಡು ದಿನ ನಿಂತಿತು.
ಡಬ್ಬಿ ತೆರೆದರೆ ಮೇಲೆ ಎಣ್ಣೆ, ಕೆಳಗೆ ಒಡೆದ ಮಜ್ಜಿಗೆ,
ಎಣ್ಣೆ-ಸೀಗೆಕಾಯಿ ಹಳೇ ಜಗಳಕ್ಕೆ ಮರಳಿದ್ದವು.
ಬೈಸಿಕೊಂಡ ಮೇಲೆ ಬರೀ ಹದಿನಾರನ್ನೇ ಸುರಿಸಿದ.
ಎರಡು ತಿಂಗಳಿಗೆ ಮುತ್ತಿನ ಹೊಳಪು, ಬೆರಳಿಗೆ ರವೆ ರವೆ.

ಹದಿನಾರು ಇಂಗಾಲದ್ದು ಒಂದು, ಹದಿನೆಂಟರದು ಇನ್ನೊಂದು.
ಒಂದೇ ಅಳತೆಯವೇ ಸೇರಿದರೆ ಹರಳುಗಟ್ಟುತ್ತವೆ,
ಗಿಡ್ಡ ಉದ್ದ ಬೆರೆತರೆ
ಒಂದನ್ನೊಂದು ಬಿರುಸಾಗಲು ಬಿಡವು.
ನಮ್ಮ ಫ್ಲ್ಯಾಟಿನ ಎಂಟು ಹೆಂಗಸರ ಬಗ್ಗೆ ಹೇಳುತ್ತಿದ್ದೇನೆ
ಅಂದುಕೊಂಡಳು ಮರಿಸೆಲ್.
ಅಲ್ಲ ಮಾರಾಯ್ತಿ, ಕ್ರೀಮಿನ ಬಗ್ಗೆಯೇ.

ಹಬ್ಬಕ್ಕೆ ಗೋಕಾಕಕ್ಕೆ ಎರಡು ಟ್ಯೂಬು ಕಳಿಸಿದ್ದೆ.
ಅಕ್ಕ ಮಾಬುಬಿ ಕರದಂಟಿನ ಅಂಗಡಿಯಲ್ಲಿ
ಬೆಲ್ಲದ ಪಾಕಕ್ಕೆ ಕೈ ಕೊಟ್ಟವಳು, ಬೆರಳ ಸಂದೆಲ್ಲ ಸೀಳು.
ತಿಂಗಳಾದರೂ ಮುಚ್ಚಳ ತೆಗೆದಿಲ್ಲ.
ಬಾಜೂ ಮನೆ ಹುಡುಗಿ ಸಣ್ಣ ಅಕ್ಷರ ಓದಿ ಹೇಳಿದಳಂತೆ.
‘ಶೆರೆ ಹಚ್ಚಿಕೊಂಡು ನಮಾಜಿಗೆ ಹ್ಯಾಂಗ ನಿಂದರಲಿ, ನೀನ ಹೇಳು.’

ನಾನು ಇಂಗಾಲ ಹೇಳಿದೆ, ಸರಪಳಿ ಹೇಳಿದೆ,
ಹಲಾಲ್ ಪ್ರಮಾಣಪತ್ರದ ನಂಬರು ಹೇಳಿದೆ.
ಆ ಕಡೆಯಿಂದ ಪಾಕ ಕುದಿಯುವ ಸದ್ದಷ್ಟೇ.
‘ಅಕ್ಕಾ, ತುಪ್ಪದಾಗ ಅಂಟು ಹುರಿದು ಹಾಕ್ತಿಯಲ್ಲ, ಅದಿಲ್ಲಂದ್ರ?’
‘ಇಲ್ಲಂದ್ರೇನು, ಬರೇ ಬೆಲ್ಲ, ಬರೇ ಗೋಡಂಬಿ.’
‘ಇದೂ ಹಂಗ.’
ಸ್ವಲ್ಪ ಹೊತ್ತು ಸೌಟು ತಿರುಗಿತು.
‘ಮತ್ತ ಅಂಟು ಅಂತ ಬರೀಲಿಕ್ಕೆ ಏನಾಗಿತ್ತು ನಿಮಗ?’

ಉತ್ತರ ಇರಲಿಲ್ಲ. ಇವತ್ತೂ ಇಲ್ಲ.

ನಲವತ್ತೈದು ಡಿಗ್ರಿಯ ಬೀರುವಿನಲ್ಲಿ
ಹನ್ನೆರಡು ವಾರದ ಬಾಟಲಿಗಳು ಸೆರೆಯಲ್ಲಿವೆ.
ಒಂದನ್ನು ತೆಗೆದು ಮುಂಗೈಗೆ ಸವರುತ್ತೇನೆ,
ಎಳೆಯದೆ ಹರಡುತ್ತದೆ, ಅಂಟದೆ ನಿಲ್ಲುತ್ತದೆ.
‘ಒಡೆದಿಲ್ಲ’ ಎಂದು ಪಟ್ಟಿಯಲ್ಲಿ ಗೀಚುತ್ತೇನೆ.

ಹೋದ ಶುಕ್ರವಾರ ವಿಡಿಯೋ ಕರೆಯಲ್ಲಿ
ಮಾಬುಬಿಯ ಬೆರಳು ಪರದೆಯ ಅಂಚಿಗೆ ಬಂದವು,
ಬಲ್ಬಿನ ಬೆಳಕಿಗೆ ಮಿಣ್ಣಗೆ ಹೊಳೆದವು.
ತುಪ್ಪವೂ ಇರಬಹುದು.
ನಾನು ಕೇಳಲಿಲ್ಲ.