ಒಂದೇ ಕಡ್ಡಿ

ವಾರಕ್ಕೆ ಒಂಬತ್ತು ಬೆಂಕಿಪೊಟ್ಟಣ.
ಬಾಳೆಲೆಯ ಅಂಗಡಿಯಲ್ಲಿ ಮಮ್ಮುಕಾಕ ಕೇಳಿದರು:
"ಏನು ಮಗಳೇ, ಬೀಡಿ ಶುರುಮಾಡಿದ್ದೀಯಾ?"
ನಕ್ಕೆ. ನಗದಿದ್ದರೆ ಅಳಬೇಕಿತ್ತು.

ತೂಗುದೀಪ ನನ್ನ ಪಾಲಿಗೆ ಬಂದದ್ದು
ಅಕ್ಕ ಮದುವೆಯಾಗಿ ಹೋದ ಮೇಲೆ.
ತಾರಸಿ ಮನೆಯಾದರೂ ನೆಲ್ಲಕ್ಕಿ ನೆಲ್ಲಕ್ಕಿಯೇ.
ಗುರುಕಾರಣರನ್ನು ನೆನೆದು, ಅಮ್ಮ ಭಗವತಿಯನ್ನು ನೆನೆದು
ಬತ್ತಿಗೆ ಕಡ್ಡಿ ಮುಟ್ಟಿಸಬೇಕು. ಅಷ್ಟೇ ಕೆಲಸ.

ಮುಟ್ಟಿಸುವ ಹೊತ್ತಿಗೇ ಅದು ಬರುತ್ತಿತ್ತು:
ಭಗವತಿಯ ಮೇಲೊಂದು ಹೊಲಸು ಮಾತು,
ನನ್ನದೇ ದನಿಯಲ್ಲಿ, ನಾನಾಡದೆ.
ಹೂವಿನಿಂದ ಆರಿಸು. ಕೈ ತೊಳೆ. ಮತ್ತೆ ಹಚ್ಚು.
ಇಲ್ಲದಿದ್ದರೆ ತಿತಿಮತಿಯ ತಿರುವಿನಲ್ಲಿ
ಶುಂಠಿ ಹೊತ್ತ ಅಪ್ಪನ ಪಿಕಪ್ಪು...
ಮುಂದಿನದನ್ನು ಬರೆಯಲಾರೆ, ಈಗಲೂ.
ಹನ್ನೊಂದು ಸಲ. ಒಮ್ಮೊಮ್ಮೆ ಇಪ್ಪತ್ತಮೂರು.
ಫಿಸಿಕ್ಸ್ ಪುಸ್ತಕ ಮಡಚಿದ್ದು ಮಡಚಿದಂತೆ.

"ಈ ಕಾಲದಲ್ಲಿ ಇಂಥ ಭಕ್ತಿ!" ಎಂದರು ಪಳಂಗಪ್ಪಜ್ಜ,
ತೊಳೆದು ತೊಳೆದು ಬಿರಿದ ನನ್ನ ಕೈಯನ್ನು
ನೆಂಟರ ಮುಂದೆ ಎತ್ತಿ ಹಿಡಿದು.
ಅವ್ವ ಹೆಮ್ಮೆಯಿಂದ ಎಣ್ಣೆ ತುಂಬಿಸಿದಳು.
ಬೈದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು.
ಹೊಗಳುವವರಿಂದ ಎಲ್ಲಿಗೆ ಓಡಲಿ?

ತೆರೆಯ ರಾತ್ರಿ ಕೇಳಿಯೇಬಿಡೋಣವೆಂದು ಹೋದೆ.
ಬೆಂಕಿ, ಚೆಂಡೆ, ಉದ್ದ ಸಾಲು. ಬಾಯಿ ಬರಲಿಲ್ಲ.
ಬೆಳಗಾದ ಮೇಲೆ ನಲ್ಲಿಯ ಹತ್ತಿರ ಕುಟ್ಟನ್
ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಉಜ್ಜುತ್ತಿದ್ದರು.
ಮಿಕ್ಕ ದಿನ ಗೋಣಿಕೊಪ್ಪದಲ್ಲಿ ಆಟೋ ಓಡಿಸುವವರು.
ಅರ್ಧ ಕೆಂಪು, ಅರ್ಧ ಮನುಷ್ಯ.
ಎಲ್ಲ ಹೇಳಿದೆ. ಆ ಮಾತನ್ನೂ.

ಅವರು ಬೆಚ್ಚಲಿಲ್ಲ.
"ನನ್ನ ಮೈಮೇಲೆ ಬಂದದ್ದು ಬೆಳಗ್ಗೆ ಇಳಿದುಹೋಗ್ತದೆ, ಮೋಳೇ.
ಇಳಿಯದೆ ಕೂತದ್ದು ಅಮ್ಮ ಅಲ್ಲ.
ನನ್ನ ಮಗನಿಗೂ ಇತ್ತು. ಬುಧವಾರ ಮಡಿಕೇರಿಗೆ ಹೋಗು,
ಮೊದಲ ಬಸ್ಸಿಗೆ. ಚೀಟಿ ಬೇಗ ಮುಗಿದುಹೋಗ್ತದೆ."

ಡಾಕ್ಟರಮ್ಮ ದೇವರನ್ನು ಬಿಡು ಎನ್ನಲಿಲ್ಲ
(ನಾನು ಅದಕ್ಕೇ ಹೆದರಿದ್ದೆ).
ಕಾಯಿಲೆಗೊಂದು ಹೆಸರು ಕೊಟ್ಟರು, ಅರ್ಧ ಮಾತ್ರೆ,
ಮತ್ತೊಂದು ಹೋಂವರ್ಕು: ಒಂದೇ ಕಡ್ಡಿ.
ಮಾತು ಬಂದರೆ ಬರಲಿ. ದೀಪ ಉರಿಯಲಿ.

ನಿನ್ನೆ ಎರಡಾಯಿತು.
ಮೊದಲನೆಯದು ಗಾಳಿಗೆ ಆರಿದ್ದು, ಲೆಕ್ಕಕ್ಕಿಲ್ಲವೆಂದು
ಭಗವತಿಗೆ ಹೇಳಿದೆ, ಡಾಕ್ಟರಮ್ಮನಿಗೂ ಹೇಳುತ್ತೇನೆ.
ಅಪ್ಪ ಇನ್ನೂ ಬಂದಿರಲಿಲ್ಲ.
ಬೆರಳು ಪೊಟ್ಟಣದ ಮೇಲೇ ಇತ್ತು.
ಆ ಮಾತೂ ಬಂದು ಪಕ್ಕದಲ್ಲಿ ಕೂತಿತು.
ಪುಸ್ತಕ ತೆರೆದು, ಗೇಟಿಗೆ ಬೆಳಕು ಬೀಳುವ ತನಕ
ನಾಲ್ಕು ಲೆಕ್ಕ ಮಾಡಿದೆ.
ಮೂರು ತಪ್ಪು.