ತೇವಾಂಶ

ಗೋಣಿಕೊಪ್ಪದ ಬೈಪಾಸಿನಲ್ಲಿ, ಮೊಯ್ದೀನ್ ಕುಂಞಿಯವರ
ಕರಿಮೆಣಸಿನ ಮಂಡಿಯಲ್ಲಿ
ನಾನು ಕೂರುವುದು ಒಂದು ಯಂತ್ರದ ಹಿಂದೆ.
ಒಂದು ಬಟ್ಟಲು, ಒಂದು ಗುಂಡಿ.
ಮೆಣಸು ತುಂಬಿ ಒತ್ತಿದರೆ
ಒಳಗೆ ಎಷ್ಟು ನೀರು ಅಡಗಿದೆಯೆಂದು ಹೇಳುತ್ತದೆ.
ಹನ್ನೊಂದರ ತನಕ ಪೂರ್ತಿ ದರ.
ಅದರ ಮೇಲೆ ಅಂಕೆಗಿಷ್ಟು ಕಡಿತ.

ಅದಕ್ಕೂ ಮೊದಲು ವಿರಾಜಪೇಟೆಯ ಕಾಲೇಜಿನಲ್ಲಿ
ಒಂದು ವರ್ಷ ತತ್ತ್ವಶಾಸ್ತ್ರ ಓದಿದ್ದೆ,
ಬೇರೆಲ್ಲೂ ಸೀಟು ಸಿಗದ ಏಳು ಜನರಲ್ಲಿ ಒಬ್ಬನಾಗಿ.
ಮೊದಲ ದಿನ ದೇಚಮ್ಮ ಮೇಡಂ ಕಿಟಕಿ ತೆರೆದು ಕೇಳಿದ್ದರು:
‘ಹೊರಗೆ ಬರೀ ಮಂಜು. ಆಚೆ ಗುಡ್ಡ ಇದೆಯೆಂದು
ನಿಮಗೆ ಹೇಗೆ ಗೊತ್ತು?’
ನಿನ್ನೆ ಇತ್ತು ಮೇಡಂ, ಎಂದೆ.
‘ಇವತ್ತಿಗೆ ನಿನ್ನೆ ಜಾಮೀನು ನಿಲ್ಲುತ್ತದೆಯೇ?’
ನಕ್ಕೆವು. ಹನ್ನೊಂದೂವರೆಗೆ ಗುಡ್ಡ ಬಂತು.
ಉತ್ತರ ಬರಲಿಲ್ಲ.

ಮಾರ್ಚ್ ಮೊದಲ ವಾರ ಚೋಮಿ ಬಂದಳು,
ತಿತಿಮತಿ ಕಡೆಯ ಲೈನ್‌ಮನೆಯಿಂದ,
ಯೂರಿಯಾ ಚೀಲದಲ್ಲಿ ಆರು ಕಿಲೋ ಹೊತ್ತು.
ಕೊಯ್ಲಾದ ಮೇಲೆ ಬಳ್ಳಿಯ ಬುಡದಲ್ಲಿ
ತರಗೆಲೆ ಸರಿಸಿ ಸರಿಸಿ ಆಯ್ದದ್ದು.
ಉದುರಿದ್ದು ಯಾರದು?
ಬಳ್ಳಿ ಸಾಹುಕಾರರದು,
ಬಳ್ಳಿ ಹಬ್ಬಿದ ಮರ, ಕಾಗದದ ಪ್ರಕಾರ, ಸರ್ಕಾರದ್ದು,
ಬಾಗಿದ ಬೆನ್ನು ಇವಳದು.
ಆಯಲು ಬಿಡುವುದು ವಾಡಿಕೆ.
ವಾಡಿಕೆಯನ್ನು ಯಾರೂ ಬರೆದಿಟ್ಟಿಲ್ಲ,
ಹಾಗಾಗಿ ಯಾರೂ ಹರಿದುಹಾಕಲಾರರು.
ಅಥವಾ ಯಾವ ದಿನ ಬೇಕಾದರೂ.

ಸುರಿದೆ, ಒತ್ತಿದೆ. ಹತ್ತು ಪಾಯಿಂಟ್ ಎಂಟು.
ಪೂರ್ತಿ ದರ, ಎಂದೆ,
ನಾನೇ ಕೊಡುವವನಂತೆ.

ಚೋಮಿ ನಾಲ್ಕು ಕಾಳು ತೆಗೆದು
ಕಿವಿಯ ಹತ್ತಿರ ಅಂಗೈಯಲ್ಲಿ ಉಜ್ಜಿದಳು.
ಒಂದನ್ನು ದವಡೆಗಿಟ್ಟು ಕಚ್ಚಿದಳು.
‘ಇನ್ನೂ ಒಂದು ಬಿಸಿಲು ಬೇಕು.’
ಮೆಷಿನ್ ಒಣಗಿದೆ ಅಂತಿದೆಯಲ್ಲ?
‘ಅದಕ್ಕೆ ಹಲ್ಲಿದೆಯಾ?’

ಸಾಲಿನಲ್ಲಿದ್ದವರು ನಕ್ಕರು.
ಜೀಪಿನಲ್ಲಿ ಹನ್ನೆರಡು ಮೂಟೆ ತಂದ ಬೋಪಯ್ಯನವರು ನಗಲಿಲ್ಲ.
‘ನಾಳೆ ಬೂಷ್ಟು ಹಿಡಿದರೆ ನನ್ನ ಹೆಸರೇ ಹೇಳ್ತೀರಿ,’
ಎಂದು ಚೀಲದ ಬಾಯಿ ಕಟ್ಟಿ ಹೊರಟೇಬಿಟ್ಟಳು
ಚೋಮಿ, ಬಸ್ಸಿನ ಚಾರ್ಜು ದಂಡ ಮಾಡಿಕೊಂಡು.

ಹೆಸರಿಗೆ ಹೆದರಿ ಮಾಡಿದ ನ್ಯಾಯ ನ್ಯಾಯವೇ?
ಐದು ಅಂಕದ ಪ್ರಶ್ನೆ.
ಪರೀಕ್ಷೆಯಲ್ಲಿ ನಾನು ಎರಡು ಪುಟ ತುಂಬಿಸಿದ್ದೆ,
ಒಂದೂವರೆ ಬಂದಿತ್ತು.

ಮಧ್ಯಾಹ್ನ ಯಂತ್ರದ ಬೆನ್ನು ಬಿಚ್ಚಿದೆ.
ಬ್ಯಾಟರಿ ಸೋರಿ, ಸುತ್ತ ಸುಣ್ಣದಂಥ ಪುಡಿ.
ಬೆಳಗಿನ ನಲವತ್ತೊಂದು ರಸೀದಿ ನನ್ನ ಕೈಬರಹದಲ್ಲಿ,
ಕಡಿತ ಬಿದ್ದವು, ಬೀಳದವು.
ಕುಂಞಿಯವರಿಗೆ ಹೇಳಿದೆ.
‘ತಪ್ಪು ಯಾವ ಕಡೆಗೆ?’
ಗೊತ್ತಿಲ್ಲ.
‘ಯಾರಿಗೆ ಲಾಭ?’
ಗೊತ್ತಿಲ್ಲ.
‘ಹಾಗಾದರೆ ಎಲ್ಲರಿಗೂ ಸಮ,’ ಎಂದು
ಅವರು ನಮಾಜಿಗೆ ಕಾಲು ತೊಳೆಯಲು ಎದ್ದರು.
ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು,
ನೀರು ಬಿಟ್ಟುಕೊಂಡು.

ಮೇಜಿನ ಮೇಲೆ ಚೋಮಿ ಉಳಿಸಿಹೋದ ಮೂರು ಕಾಳು.
ಬಟ್ಟಲು ತುಂಬಲು ಸಾಲದು.
ಒಂದನ್ನು ಕಚ್ಚಿ ನೋಡಿದೆ.
ನನ್ನ ಹಲ್ಲಿಗೆ ತಿಳಿದದ್ದು ಖಾರ ಮಾತ್ರ.

ಮೂರನೆಯ ದಿನ ಮತ್ತೆ ಬಂದಳು.
ಐದು ಕಿಲೋ ಎಂಟುನೂರು. ಇನ್ನೂರು ಗ್ರಾಂ
ಬಿಸಿಲಿನ ಪಾಲಾಗಿತ್ತು.
ಹೊಸ ಬ್ಯಾಟರಿ. ಒತ್ತಿದೆ.
ಹತ್ತು ಪಾಯಿಂಟ್ ಎಂಟು.
ಅದೇ ಅಂಕೆ. ಮಾರುಕಟ್ಟೆ ಮಾತ್ರ
ಕಿಲೋಗೆ ಹನ್ನೆರಡು ರೂಪಾಯಿ ಇಳಿದಿತ್ತು.
ಬಾಯಿಬಿಡಲಾಗದೆ ರಸೀದಿ ಪುಸ್ತಕ ಹುಡುಕುವವನಂತೆ
ಬಗ್ಗಿದೆ.

ತಲೆಯೆತ್ತಿದರೆ ನನ್ನ ಕಿವಿಗೆ ಅವಳ ಮುಷ್ಟಿ.
ಒಳಗೆ ಕಾಳು ಉಜ್ಜುತ್ತ, ‘ಈಗ ಕೇಳು,’ ಎಂದಳು.
ಹೊರಗೆ ಕುಟ್ಟದ ಬಸ್ಸು ಹಾರ್ನ್ ಹಾಕುತ್ತಿತ್ತು.
ಸಾಲು ಕಾಯುತ್ತಿತ್ತು.
ಕೇಳಿಸಿತೋ ಇಲ್ಲವೋ, ಹ್ಞೂಂ ಎನ್ನದೆ,
‘ಇನ್ನೊಂದು ಸಲ,’ ಎಂದೆ.