ಸವಕಳಿ ಕಳೆದು ಒಂದು ರೂಪಾಯಿ

ಆಸ್ತಿ ವಹಿಯ ನೂರಾ ಹದಿನಾಲ್ಕನೇ ಪುಟದಲ್ಲಿ
ನಮ್ಮ ಆಸ್ಪತ್ರೆಯ ಕೋಬಾಲ್ಟ್ ಯಂತ್ರದ ಬೆಲೆ ಒಂದು ರೂಪಾಯಿ.
ವರ್ಷ ವರ್ಷ ಸವಕಳಿ ಕಳೆದು ಕಳೆದು
ನಾನೇ ಕೆಂಪು ಶಾಯಿಯಲ್ಲಿ ಉಳಿಸಿದ್ದು.
ಸೊನ್ನೆ ಬರೆಯಬೇಡ, ಅಂದಿದ್ದರು ಹಳೆಯ ಆಡಿಟರು,
ಬರೆದರೆ ವಸ್ತುವೇ ಇಲ್ಲವೆಂದಾಗುತ್ತದೆ.

ವಸ್ತು ಇದೆ.
ಹಿಂದಿನ ಕಟ್ಟಡದಲ್ಲಿ, ನಾಲ್ಕಡಿ ದಪ್ಪದ ಗೋಡೆಯೊಳಗೆ,
ಕಿಟಕಿಯಿಲ್ಲದ ಕೋಣೆಯಲ್ಲಿ, ಸೀಸದ ಹೊಟ್ಟೆಯಲ್ಲಿ
ಹೆಬ್ಬೆರಳಷ್ಟು ಲೋಹ.
ಬಾಗಿಲಿಗೆ ಮೂರು ರೆಕ್ಕೆಯ ಗುರುತು.
ಕಾವಲಿನ ಉಚ್ಚಂಗೆಪ್ಪ ಅದನ್ನು ಫ್ಯಾನು ಅನ್ನುತ್ತಾನೆ:
'ಮೂವತ್ತು ವರ್ಷಾತು, ಒಂದಿನ ಗಾಳಿ ಬಿಟ್ಟಿಲ್ಲ ನೋಡ್ರಿ.'

ಇದನ್ನು ತಂದಾಗ ಗಿರಣಿಗಳು ಇನ್ನೂ ಕೂಗುತ್ತಿದ್ದವು.
ಮೂರೂ ಪಾಳಿಯವರು ಒಂದೊಂದು ದಿನದ ಪಗಾರ ಕೊಟ್ಟರಂತೆ.
ಮೆಟ್ಟಿಲ ಪಕ್ಕದ ಕಲ್ಲಿನಲ್ಲಿ ಎಲ್ಲರೂ ಇದ್ದಾರೆ,
ನೂಲುವ ಖಾತೆ, ನೇಯುವ ಖಾತೆ, ಬಾಯ್ಲರ್ ಖಾತೆ,
ಕಡೆಯ ಸಾಲಿನಲ್ಲಿ ಕ್ಯಾಂಟೀನಿನ ಹುಡುಗರು, ತಲಾ ಎಂಟಾಣೆ.

ಅವ್ವ ಇದರ ಕೆಳಗೆ ಮೂವತ್ತು ದಿನ ಮಲಗಿದ್ದಳು.
ಕುತ್ತಿಗೆಯ ಮೇಲೆ ನೇರಳೆ ಗೆರೆ, ಅಳಿಸಬಾರದು ಅಂದಿದ್ದರು.
ಸ್ನಾನ ಬಿಟ್ಟಳು, ಹಬ್ಬ ಬಿಟ್ಟಳು, ಗೆರೆ ಬಿಡಲಿಲ್ಲ.
ಆಮೇಲೆ ಹನ್ನೊಂದು ವರ್ಷ ಬದುಕಿ
ಎಲ್ಲರೊಡನೆ ಜಗಳಾಡಿ ಹೋದಳು.
ಆದ್ದರಿಂದ ನಾನು ಈ ಯಂತ್ರವನ್ನು ಬೈಯುವವಳಲ್ಲ.

ಲೆಕ್ಕ ಹೇಳುತ್ತೇನೆ, ಅಷ್ಟೆ.

ಮುಂಬೈಯಿಂದ ದಾವಣಗೆರೆಗೆ ಅಂದಾಜುಪಟ್ಟಿ ಬಂದಿದೆ:
ಸೀಸದ ಪೀಪಾಯಿಗೆ ಬಾಡಿಗೆ, ಕ್ರೇನು, ಲಾರಿ, ವಿಮೆ,
ಪರಿಣತರಿಬ್ಬರ ಊಟ ವಸತಿ, ಹಿಂದೊಂದು ಪೊಲೀಸ್ ಜೀಪು,
ಗೋಡೆ ಒಡೆಯುವ ಮುಂಚೆ ಒರೆಸಿ ನೋಡುವ ಪರೀಕ್ಷೆ,
ಒಟ್ಟು ಮೂವತ್ತೆಂಟು ಲಕ್ಷ, ಜಿಎಸ್‌ಟಿ ಬೇರೆ.
ತಂದಾಗ ಹದಿನಾರಾಗಿತ್ತು.

ಟ್ರಸ್ಟಿನ ಸಭೆ. ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತ
ಅಧ್ಯಕ್ಷರು ಅಂದರು: ತನ್ನಷ್ಟಕ್ಕೆ ತಾನೇ ಕರಗುತೈತಲ್ಲ ಅದು,
ಐದು ವರ್ಷಕ್ಕೆ ಅರ್ಧ, ಮತ್ತೈದಕ್ಕೆ ಕಾಲು,
ಸುಮ್ಮನಿದ್ರೆ ಖರ್ಚೇ ಇಲ್ಲ.
ಮೂಲೆಯಲ್ಲಿ ನಾನು ಹಳೆಯ ಕಡತ ಬಿಡಿಸಿದೆ.
ಈ ಪಟ್ಟಿ ಮೊದಲು ಬಂದಾಗ ಒಂಬತ್ತೂವರೆ ಲಕ್ಷ,
ಮುಂದೂಡಿದೆವು; ಆಮೇಲೆ ಹತ್ತೊಂಬತ್ತು, ಮುಂದೂಡಿದೆವು.
ಅದು ಅರ್ಧವಾದಾಗಲೆಲ್ಲ ಇದು ಇಮ್ಮಡಿ.
ಅದೂ ಸೊನ್ನೆ ಮುಟ್ಟುವುದಿಲ್ಲ, ನನ್ನ ಒಂದು ರೂಪಾಯಿಯ ಹಾಗೆ.
ಮಂಡಕ್ಕಿ ಮುಗಿಯಿತು. ವಿಷಯ ಮುಂದಿನ ಸಭೆಗೆ.

ಮಂಗಳವಾರ ದೇವೇಂದ್ರಾಚಾರ್ ಬರುತ್ತಾರೆ,
ನಿವೃತ್ತರಾಗಿ ಆರು ವರ್ಷ, ಸಂಬಳವಿಲ್ಲ,
ಎದೆಯ ಬ್ಯಾಡ್ಜಿನ ಅವಧಿ ಯಾವಾಗಲೋ ಮುಗಿದಿದೆ.
ಮೀಟರು ಹಿಡಿದು ಗೋಡೆಯ ಸುತ್ತ ನಡೆಯುತ್ತಾರೆ
ಹಸುಗೂಸಿನ ಉಸಿರು ಕೇಳುವವರ ಹಾಗೆ ತಲೆ ವಾಲಿಸಿ.
ಟಿಕ್.
ಬಹಳ ಹೊತ್ತಾದ ಮೇಲೆ, ಟಿಕ್.
'ಗೋಡೆದೇನು ಭಯ ಇಲ್ಲಮ್ಮ. ಬೀಗದ್ದೇ ಭಯ.
ಒಳಗೇನೈತಿ ಅಂತ ಹೇಳೋರು ಇಬ್ಬರೇ ಉಳಿದೀವಿ,
ನಾನು, ಮತ್ತೆ ಆ ಫ್ಯಾನಿನ ಚಿತ್ರ.
ಅದರ ಬಣ್ಣಾನೂ ಹೋಗ್ತಾ ಐತಿ.'

ಗುಜರಿಯ ಸನಾವುಲ್ಲಾ ಒಮ್ಮೆ ತೂಕ ಕೇಳಿದ್ದ.
ಹೇಳಿದೆ. ಬಾಗಿಲು ನೋಡಿದ, ಗುರುತು ನೋಡಿದ.
'ಹೊರಗೆ ಸೀಸ. ಒಳಗೇನಕ್ಕಾ?'
ಸಭೆಯಲ್ಲಿ ಒಬ್ಬರೂ ಕೇಳದ ಪ್ರಶ್ನೆ.
ಅದನ್ನೂ ಹೇಳಿದೆ. ಗಾಡಿ ತಿರುಗಿಸಿದ.
'ನಾಳೆ ನನ್ನ ಮಗ ಬಂದು ಕೇಳಿದ್ರೂ ಕೊಡಬ್ಯಾಡ್ರಿ.'

ಮಾರ್ಚ್ ಮೂವತ್ತೊಂದು, ರಾತ್ರಿ ಒಂಬತ್ತು. ಸೆಕೆ.
ಹೊಸ ವಹಿಗೆ ಗೆರೆ ಹಾಕಿದೆ.
ತರುವ ಖರ್ಚಿಗೆ ಖಾತೆಯಿದೆ, ನಡೆಸುವ ಖರ್ಚಿಗಿದೆ,
ಬಂದ ನೆಂಟರಿಗೆಲ್ಲ ಹೊರಡುವಾಗ ಬುತ್ತಿ ಕಟ್ಟುವ ಊರಿನಲ್ಲಿ
ಕಳಿಸಿಕೊಡುವ ಖರ್ಚಿಗೆ ಇಲ್ಲ.
ಹಾಗೆಂದೇ ಬರೆದೆ: ಕಳಿಸಿಕೊಡುವ ಖಾತೆ.
ರಸೀದಿ ಒಂದು, ನನ್ನ ಒಂದು ದಿನದ ಪಗಾರ,
ಆರುನೂರಾ ನಲವತ್ತು.

ರಸೀದಿ ಎರಡಕ್ಕೆ ಹೊರಗೆ ಉಚ್ಚಂಗೆಪ್ಪ ಕೂತಿದ್ದಾನೆ,
ಬೀಡಿ ಹಚ್ಚಿದ್ದಾನೆ.
ಕರೆಯಲೋ ಬೇಡವೋ.
ಅವನಿಗೆ ಫೆಬ್ರವರಿಯದೇ ಇನ್ನೂ ಆಗಿಲ್ಲ.